ಝೀರೋ ಪಾಯಿಂಟ್ ಎಲ್ಲೈತಿ?

ಶಹಾಪುರದ ಓಣಿಗಳಲ್ಲಿ ಮಗ್ಗದ ಸದ್ದು ಕೇಳುತ್ತ ದಕ್ಷಿಣಕ್ಕೆ ನಡೆದು, ವಡಗಾವಿ ದಾಟಿ ಯಳ್ಳೂರ ರಸ್ತೆಗೆ ಬಿದ್ದರೆ ಬೆಳಗಾವಿ ಮುಗಿದು ಶಿವಾರ ಶುರುವಾಗುತ್ತದೆ. ದೂರದಲ್ಲಿ ರಾಜಹಂಸಗಡ. ಅಲ್ಲಿಯವರೆಗೂ ಕಪ್ಪು ಮಣ್ಣು, ಭತ್ತದ ಗದ್ದೆ. ಬೆಳಗಾವಿ ಬಾಸುಮತಿಯ ಸೀಮೆ ಇದು. ಭತ್ತ ಕೊಯ್ದ ಮೇಲೆ ನೆಲದಲ್ಲಿ ಉಳಿದ ತೇವಕ್ಕೇ ಮಸೂರ, ಕಡಲೆ, ವಟಾಣಿ ಬರುತ್ತವೆ. ಬಾವಿ ಇದ್ದವರ ಹೊಲದ ಕೋಸು, ಕೊತ್ತಂಬರಿ ಘಟ್ಟ ಇಳಿದು ಗೋವಾದ ಅಡುಗೆಮನೆ ಸೇರುತ್ತವೆ.

ಇಲ್ಲಿ ಎಕರೆಯ ಮಾತು ಕಡಿಮೆ, ಎಲ್ಲವೂ ಗುಂಟೆ ಲೆಕ್ಕ. ಅಣ್ಣತಮ್ಮಂದಿರ ಪಾಲಾಗಿ ಪಾಲಾಗಿ ಉಳಿದದ್ದೇ ಅಷ್ಟು. ಹತ್ತು ಗುಂಟೆ ಇದ್ದವನ ಹೊಲದ ನಡುವೆ ರಸ್ತೆ ಹಾದರೆ, ಆಚೀಚೆ ಉಳಿಯುವ ಎರಡು ತುಂಡುಗಳಲ್ಲಿ ಎತ್ತು ತಿರುಗಿಸುವುದೂ ಕಷ್ಟ.

2009ರಿಂದ ಈ ಶಿವಾರಕ್ಕೆ ಬೆನ್ನು ಹತ್ತಿರುವ ರಸ್ತೆಯ ಹೆಸರು ಹಲಗಾ–ಮಚ್ಛೆ ಬೈಪಾಸ್. ಪುಣೆ–ಬೆಂಗಳೂರು ಹೆದ್ದಾರಿಯ ಹಲಗಾದಿಂದ ಗೋವಾ ರಸ್ತೆಯ ಮಚ್ಛೆಗೆ ಸುಮಾರು 9.5 ಕಿ.ಮೀ. ನಕ್ಷೆಯಲ್ಲಿ ಬೆರಳಗಲ. ರೈತರು ಕೋರ್ಟಿಗೆ ಹೋದರು, ತಡೆಯಾಜ್ಞೆ ತಂದರು, ತೆರವಾಯಿತು, ಮತ್ತೆ ಹೋದರು. 2021ರ ನವೆಂಬರ್‌ನಲ್ಲಿ, ಭತ್ತ ಕೊಯ್ಲಿನ ಹೊತ್ತಿಗೆ, ಪೊಲೀಸ್ ಬಂದೋಬಸ್ತಿನಲ್ಲಿ ಜೆಸಿಬಿಗಳು ಇಳಿದಾಗ ರೈತರ ಮನೆಯ ಯುವಕನೊಬ್ಬ ಮೈಗೆ ಬೆಂಕಿ ಹಚ್ಚಿಕೊಳ್ಳುವವರೆಗೂ ಮಾತು ಹೋಯಿತು.

ಈ ಜಗಳದಲ್ಲಿ ಬೆಳಗಾವಿಯ ಬಾಯಿಗೆ ಬಂದ ಶಬ್ದ ‘ಝೀರೋ ಪಾಯಿಂಟ್’, ಅಂದರೆ ಹೆದ್ದಾರಿಯ ಲೆಕ್ಕ ಶುರುವಾಗುವ ಜಾಗ. ಗೋವಾ ಹೆದ್ದಾರಿ, ಅಂದರೆ ಹಳೆಯ 4ಎ, ಶುರುವಾಗುವುದು ಕ್ಯಾಂಪಿನ ಫಿಶ್ ಮಾರ್ಕೆಟ್ ಬಳಿ. ಹಲಗಾದಿಂದ ರಸ್ತೆ ಹಾಕುವುದಾದರೆ ಆ ಸೊನ್ನೆ ಹಲಗಾಕ್ಕೆ ಹೇಗೆ ಬಂತು? ಇದು ರೈತರ ವಾದ. ಕಾಗದದ ತಕರಾರು ಅನ್ನಿಸಬಹುದು. ಆದರೆ ಭೂಮಿ ಹೋಗುವುದೂ ಕಾಗದದ ಮೇಲೆಯೇ ಅಲ್ಲವೇ? ಗುಂಟೆ ಜಮೀನಿನವನಿಗೆ ಸರ್ಕಾರದ ಭಾಷೆಯಲ್ಲೇ ಸರ್ಕಾರವನ್ನು ಕೇಳಲು ಸಿಕ್ಕ ಪ್ರಶ್ನೆ ಅದು.

ಈ ರೈತರನ್ನು ಅಭಿವೃದ್ಧಿ ವಿರೋಧಿಗಳು ಅನ್ನುವುದು ಸೋಮಾರಿತನದ ಮಾತು. ಡಾಂಬರಿನ ಮೇಲೆ ಇವರಿಗೆ ಸಿಟ್ಟಿಲ್ಲ. ಅದರ ಹಿಂದೆ ಏನು ಬರುತ್ತದೆಂದು ಚೆನ್ನಾಗಿ ಗೊತ್ತು: ಮೊದಲು ಎನ್‌ಎ (ಕೃಷಿಯೇತರ) ಪ್ಲಾಟಿನ ಬೋರ್ಡು, ಆಮೇಲೆ ಕಾಂಪೌಂಡು, ಆಮೇಲೆ ಮಂಗಲ ಕಾರ್ಯಾಲಯ, ಶೋರೂಮು. ಈ ಶಿವಾರದಲ್ಲಿ ಹರಿಯುವ ಬಳ್ಳಾರಿ ನಾಲೆ ಇದನ್ನು ಆಗಲೇ ಅನುಭವಿಸಿದೆ. ಒತ್ತುವರಿಯಾಗಿ, ಹೂಳು ತುಂಬಿ, ಮಳೆಗಾಲದಲ್ಲಿ ಅದು ಉಕ್ಕಿ ನಿಲ್ಲುವುದು ಇದೇ ಭತ್ತದ ಮೇಲೆ. ಒಮ್ಮೆ ನಾಟಿ ಮಾಡಿದವರು ಮತ್ತೊಮ್ಮೆ ಮಾಡಬೇಕು.

ಗದ್ದೆಯದಷ್ಟೇ ಅಲ್ಲ, ಊರೊಳಗಿನ ಜಾಗದ ಕಥೆಯೂ ಇದೆ. ಶಹಾಪುರದ ಬ್ಯಾಂಕ್ ಆಫ್ ಇಂಡಿಯಾ ಸರ್ಕಲ್‌ನಿಂದ ಹಳೇ ಪಿ.ಬಿ. ರಸ್ತೆಗೆ ಸ್ಮಾರ್ಟ್ ಸಿಟಿ ಹೆಸರಲ್ಲಿ ರಸ್ತೆ ಬಂತು. ವಿಧಿವತ್ತಾಗಿ ಸ್ವಾಧೀನ ಮಾಡಿಕೊಳ್ಳದೆ ತಮ್ಮ ಜಾಗದಲ್ಲಿ ರಸ್ತೆ ಹಾಕಿದ್ದಾರೆಂದು ಮಾಲೀಕರೊಬ್ಬರು ಧಾರವಾಡದ ಹೈಕೋರ್ಟ್ ಪೀಠದ ಮೆಟ್ಟಿಲೇರಿದರು. 20 ಕೋಟಿ ರೂಪಾಯಿ ಪರಿಹಾರ ಕಟ್ಟುವ ಪ್ರಸಂಗ ಬಂದಾಗ, 2024ರಲ್ಲಿ ಮಹಾನಗರ ಪಾಲಿಕೆ ಜಾಗವನ್ನೇ ಮರಳಿಸಲು ಒಪ್ಪಿತು. ಹಾಕಿದ ರಸ್ತೆಯನ್ನು ಊರು ವಾಪಸ್ ಕೊಟ್ಟದ್ದು! ಚಹಾದಂಗಡಿಯಲ್ಲಿ ನಗುತ್ತ ಹೇಳುವ ಸಂಗತಿಯಾಯಿತು. ಯಳ್ಳೂರ ರಸ್ತೆಯ ರೈತರು ಮಾತ್ರ ಅದನ್ನು ಬೇರೆ ಕಿವಿಯಿಂದ ಕೇಳಿರಬೇಕು.

ಮಚ್ಛೆ ದಾಟಿ ಖಾನಾಪುರದ ಕಡೆ ಹೊರಟರೆ ಮಣ್ಣು ಕೆಂಪಾಗುತ್ತ ಹೋಗುತ್ತದೆ. ಚತುಷ್ಪಥಕ್ಕಾಗಿ ಈ ದಾರಿಯ ದೊಡ್ಡ ಮರಗಳು ಉರುಳಿದವು; ಸುರಂಗದಂತಿದ್ದ ನೆರಳು ಈಗ ಹಿರಿಯರ ಮಾತಿನಲ್ಲಷ್ಟೇ. ಗಣೇಬೈಲಿನಲ್ಲಿ 2023ರಲ್ಲಿ ಟೋಲ್ ಶುರುವಾದಾಗ, ಹೊಲ ಕೊಟ್ಟವರೇ ಹಣವನ್ನೂ ಕಟ್ಟಬೇಕೇ ಎಂದು ಸುತ್ತಲಿನ ಜನ ತಕರಾರು ತೆಗೆದರು.

ಗರ್ಲಗುಂಜಿ, ನಂದಿಹಳ್ಳಿ ಕಡೆ ಬರುತ್ತಿರುವುದು ರೈಲು. ಕಿತ್ತೂರು ಮಾರ್ಗವಾಗಿ ಧಾರವಾಡ–ಬೆಳಗಾವಿ, 73 ಕಿ.ಮೀ., 927 ಕೋಟಿ ರೂಪಾಯಿ ಅಂದಾಜು. ರೈಲ್ವೆ ರಾಜ್ಯ ಸಚಿವರಾಗಿದ್ದ ಸುರೇಶ ಅಂಗಡಿಯವರ ಕನಸು. ಲೋಂಡಾ ಸುತ್ತು ತಪ್ಪುತ್ತದೆ, ನಿಜ. ನನಗೂ ಆ ರೈಲು ಬೇಕು. ಆದರೆ ಈ ಊರುಗಳವರು ಬೇಡ ಅನ್ನುತ್ತಿರುವುದು ರೈಲನ್ನಲ್ಲ, ಗೆರೆಯನ್ನು: ಬಂಜರು ನೆಲ ಇರುವಾಗ ಪೀಕು ಬರುವ ಹೊಲದ ಮೇಲೆಯೇ ಏಕೆ?

ಖಾನಾಪುರದ ಜೇಡಿಗೆ ಹೆಸರಿದೆ. ಕುಂಬಾರಿಕೆ ಕಲಿಸುವ ಕೇಂದ್ರೀಯ ಸಂಸ್ಥೆಯೇ ಇಲ್ಲಿದೆ. ಇಟ್ಟಿಗೆ, ಹಂಚು ಹಳೆಯ ಕಸುಬು. ಭಟ್ಟಿಯಿಂದ ಇಟ್ಟಿಗೆ ಹೇರಿಕೊಂಡ ಲಾರಿಗಳು ಗಣೇಬೈಲಿನ ಟೋಲ್ ದಾಟಿ ಬೆಳಗಾವಿಗೆ ಹೋಗುತ್ತವೆ. ಕೆಲವು ಊರೊಳಗೆ ಹೋಗುತ್ತವೆ. ಇನ್ನು ಕೆಲವು, ಮೊನ್ನೆಮೊನ್ನೆಯವರೆಗೆ ಭತ್ತ ನಿಂತಿದ್ದ ಜಾಗದಲ್ಲಿ ಖಾಲಿಯಾಗುತ್ತವೆ.