ಉತ್ಪಾತವಾರ್ತೆಯೂ ದೂರಸ್ಥರ ಕಾತರವೂ

ಭೂಕಂಪ, ಜಲಪ್ರಳಯ ಮೊದಲಾದ ಉತ್ಪಾತಗಳು ಒಂದು ದೇಶದಲ್ಲಿ ಸಂಭವಿಸಿದಾಗ ಆ ವಾರ್ತೆಯನ್ನು ಕೇಳುವವರು ಎರಡು ಬಗೆಯವರಾಗಿರುತ್ತಾರೆ. ಆ ದೇಶದಲ್ಲಿ ತಮ್ಮವರೆಂಬವರು ಯಾರೂ ಇಲ್ಲದವರು ಒಂದು ಬಗೆ. ಮಗನನ್ನೋ ಮಗಳನ್ನೋ ವೃದ್ಧರಾದ ತಾಯಿತಂದೆಗಳನ್ನೋ ಅಲ್ಲಿ ಬಿಟ್ಟು ದೂರದಲ್ಲಿರುವವರು ಇನ್ನೊಂದು ಬಗೆ. ಮೊದಲನೆಯವರಿಗೆ ಬೇಕಾದುದು ದೇಶದ ವೃತ್ತಾಂತ. ಎರಡನೆಯವರಿಗೆ ಬೇಕಾದುದು ಒಬ್ಬ ವ್ಯಕ್ತಿಯ ಕುಶಲ. ವರ್ತಮಾನಪತ್ರಿಕೆ, ರೇಡಿಯೋ, ದೂರದರ್ಶನಗಳು ಮುಖ್ಯವಾಗಿ ಮೊದಲನೆಯವರಿಗಾಗಿ ಏರ್ಪಟ್ಟ ಸಾಧನಗಳು. ಎರಡನೆಯವರೂ ಅವುಗಳನ್ನೇ ಆಶ್ರಯಿಸಬೇಕಾಗಿ ಬಂದುದರಿಂದ ಅವರಿಗುಂಟಾಗುವ ಕ್ಲೇಶವು ಎಂಥದು, ಅದಕ್ಕೆ ಪ್ರತಿಕ್ರಿಯೆಯೇನೆಂಬುದನ್ನು ಜಪಾನು ದೇಶದ ಮೂರು ಭೂಕಂಪಗಳ ನಿದರ್ಶನದಿಂದ ವಿಚಾರಿಸಲು ಇಲ್ಲಿ ಉದ್ಯುಕ್ತರಾಗಿದ್ದೇವೆ. ಈ ವಿಷಯದಲ್ಲಿ ಆ ದೇಶದವರು ಪಟ್ಟಷ್ಟು ಪಾಡನ್ನೂ ಕಲಿತಷ್ಟು ಪಾಠವನ್ನೂ ಇತರರಲ್ಲಿ ಕಾಣುವುದು ವಿರಳ.

ಈ ಭೇದವು ಹೊಸತೇನೂ ಅಲ್ಲ. ವರಾಹಮಿಹಿರಾಚಾರ್ಯನು ಬೃಹತ್ಸಂಹಿತೆಯಲ್ಲಿ ಉತ್ಪಾತಗಳನ್ನು ದಿವ್ಯ, ಆಂತರಿಕ್ಷ, ಭೌಮಗಳೆಂದು ವಿಂಗಡಿಸಿ, ಭೂಕಂಪಕ್ಕೆಂದೇ ಒಂದು ಅಧ್ಯಾಯವನ್ನು ಮೀಸಲಿಟ್ಟು, ಇಂಥ ಕಂಪದಿಂದ ಇಂಥ ಜನಪದದವರಿಗೆ ಪೀಡೆಯೆಂದು ಫಲ ಹೇಳಿದ್ದಾನೆ. ಆ ಫಲಭಾಗವನ್ನು ಇಂದು ಪ್ರಮಾಣವಾಗಿ ಹಿಡಿಯಬೇಕಾದುದಿಲ್ಲ. ಅಲ್ಲಿಯೂ ಲೆಕ್ಕವು ಜನಪದದ್ದೇ ಹೊರತು ವ್ಯಕ್ತಿಯದಲ್ಲವೆಂಬುದಷ್ಟೇ ಪ್ರಕೃತ. ಕವಿಗಳ ಮಾರ್ಗ ಬೇರೆ. ವಾಲ್ಮೀಕಿಯ ಹನುಮಂತನು ಲಂಕೆಯಿಂದ ಮರಳಿದೊಡನೆ ಕಾದಿದ್ದ ಕಪಿಗಳಿಗೆ ಮೊದಲು ತಿಳಿಸುವುದು ದೇವಿಯನ್ನು ಕಂಡ ಸಂಗತಿಯನ್ನು. ಸಮುದ್ರಲಂಘನ, ಅಶೋಕವನ, ಲಂಕಾದಹನಗಳ ವಿಸ್ತಾರವೆಲ್ಲ ಆಮೇಲಿನದು. ನಮ್ಮ ಕಾಲದ ವಾರ್ತಾಹರನು ದಹನದಿಂದಲೇ ಆರಂಭಿಸುತ್ತಾನೆ. ಬಹುವೇಳೆ ಅಲ್ಲಿಯೇ ಮುಗಿಸಿಯೂ ಬಿಡುತ್ತಾನೆ.

1923ನೆಯ ಇಸವಿ ಸೆಪ್ಟೆಂಬರು 1ರಂದು, ಮಧ್ಯಾಹ್ನಕ್ಕೆ ಎರಡು ನಿಮಿಷಗಳಿರುವಾಗ, ಜಪಾನಿನ ಕಾಂತೋ ಪ್ರಾಂತದಲ್ಲಿ ಭೂಮಿಯು ಕಂಪಿಸಿತು. ಅಡಿಗೆಯ ಒಲೆಗಳು ಉರಿಯುತ್ತಿದ್ದ ಹೊತ್ತು; ಮನೆಗಳೋ ಮರದವು. ಬೆಂಕಿಯು ಹಬ್ಬಿ ತೋಕಿಯೋ, ಯೋಕೊಹಾಮಾ ನಗರಗಳ ವಿಶಾಲವಾದ ಭಾಗಗಳು ಬೂದಿಯಾದವು. ಮೃತರೂ ಕಾಣೆಯಾದವರೂ ಸೇರಿ ಸುಮಾರು 1,05,000 ಮಂದಿ. ಯೋಕೊಹಾಮಾದಲ್ಲಿ ವ್ಯಾಪಾರಕ್ಕಾಗಿ ನೆಲೆಸಿದ್ದ ಭಾರತೀಯರೂ ಅವರಲ್ಲಿದ್ದರು. ಅವರ ಸ್ಮರಣೆಗಾಗಿಯೂ, ಬದುಕುಳಿದವರಿಗೆ ನಗರದವರು ತೋರಿದ ಔದಾರ್ಯಕ್ಕೆ ಕೃತಜ್ಞತೆಯಾಗಿಯೂ ಅಲ್ಲಿನ ಭಾರತೀಯ ವರ್ತಕರು ಕಟ್ಟಿಸಿಕೊಟ್ಟ ನೀರಿನ ಮಂಟಪವು ಯಾಮಾಶಿತಾ ಉದ್ಯಾನದಲ್ಲಿದೆ. ತಂತಿಗಳೆಲ್ಲ ಕಡಿದುಹೋಗಿದ್ದುದರಿಂದ ರೇವಿನಲ್ಲಿದ್ದ ಕೊರಿಯಾ ಮಾರು ಎಂಬ ಹಡಗಿನ ನಿಸ್ತಂತು ಯಂತ್ರವೇ ಮೊದಲು ವಾರ್ತೆಯನ್ನು ಹೊರಡಿಸಿತು. ಉತ್ತರದ ಹರಾನೊಮಾಚಿಯಲ್ಲಿದ್ದ ನಿಸ್ತಂತು ನಿಲಯವು ಅದನ್ನು ಪೆಸಿಫಿಕ್ ಸಾಗರದಾಚೆಯ ಸಾನ್ ಫ್ರಾನ್ಸಿಸ್ಕೋ ನಗರಕ್ಕೆ ಮುಟ್ಟಿಸಲು ಜಗತ್ತಿಗೆಲ್ಲ ವಿಷಯವು ಗೊತ್ತಾಯಿತು. ಏನು ಗೊತ್ತಾಯಿತು? ಯೋಕೊಹಾಮಾ ನಾಶವಾಯಿತೆಂಬುದು. ಆ ನಗರದಲ್ಲಿ ಮಗನಿದ್ದ ತಂದೆಗೆ ಆ ವಾಕ್ಯವು ಮಗನ ಮರಣವಾರ್ತೆಯಾಗಿಯೇ ಕೇಳಿಸತಕ್ಕುದಲ್ಲವೆ?

ತೋಕಿಯೋ ನಗರದ ಪತ್ರಿಕಾಲಯಗಳಲ್ಲಿ ಬೆಂಕಿಯಿಂದ ಉಳಿದುವು ಮೂರು ಮಾತ್ರ. ನಿಜವಾದ ವಾರ್ತೆಯ ಊಟೆ ಬತ್ತಿದ ಕಡೆ ವದಂತಿಯ ಹೊಳೆ ಹರಿಯಿತು. ಇಜು ಪ್ರಾಂತದ ಓಶಿಮಾ ದ್ವೀಪವು ಮುಳುಗಿತೆಂಬಂಥ ಸುಳ್ಳುಗಳೂ ದೂರದ ಊರುಗಳಲ್ಲಿ ಅಚ್ಚಾದವು. ಕೊರಿಯನ್ನರು ಬಾವಿಗಳಿಗೆ ವಿಷವಿಕ್ಕುತ್ತಿದ್ದಾರೆಂಬ ವದಂತಿಯೂ ಅಚ್ಚಿನಲ್ಲಿ ಬಂದಿತು. ಅದರ ಫಲವಾಗಿ ಸಾವಿರಾರು ಮಂದಿ ನಿರಪರಾಧಿಗಳ ಹತ್ಯೆ ನಡೆಯಿತು. ಹೀಗಿರುವಾಗ ಬಂಧುಗಳು ತಾವೇ ಒಂದು ಪತ್ರಿಕೆಯನ್ನು ನಿರ್ಮಿಸಿಕೊಂಡರು. ಉಯೆನೊ ಉದ್ಯಾನದಲ್ಲಿರುವ ಸಾಯಿಗೋ ಎಂಬ ವೀರನ ಕಂಚಿನ ಪ್ರತಿಮೆಗೆ, ಇಂಥವನನ್ನು ಹುಡುಕುತ್ತಿದ್ದೇವೆ ಎಂದು ಬರೆದ ಚೀಟಿಗಳನ್ನು ಜನರು ಒತ್ತೊತ್ತಾಗಿ ಅಂಟಿಸಿದರು. ಆ ಪ್ರತಿಮೆಯ ಛಾಯಾಚಿತ್ರವನ್ನು ನೋಡಿದವರಿಗೆ, ಕಾತರವುಳ್ಳವನಿಗೆ ಬೇಕಾದ ವಾರ್ತೆಯ ಸ್ವರೂಪವನ್ನು ಬೇರೆ ವಿವರಿಸಬೇಕಾದುದಿಲ್ಲ.

ಇಲ್ಲಿ ಪ್ರಮಾಣವಿಚಾರವೊಂದು ಒದಗುತ್ತದೆ. ಭಾಟ್ಟಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದು ಒಪ್ಪುತ್ತಾರೆ. ಬೆಳಕಿರುವ ಕೋಣೆಯಲ್ಲಿ ಗಡಿಗೆಯು ಕಾಣದಿದ್ದರೆ ಅಲ್ಲಿ ಗಡಿಗೆಯಿಲ್ಲವೆಂದು ತಿಳಿಯಬಹುದು. ಆದರೆ ಆ ಅನುಪಲಬ್ಧಿಯು ಯೋಗ್ಯವಾಗಿರಬೇಕು, ಎಂದರೆ ವಸ್ತುವಿದ್ದಿದ್ದರೆ ಕಾಣಲೇಬೇಕಾಗಿತ್ತೆಂಬ ಸ್ಥಿತಿಯಿರಬೇಕು. ಕತ್ತಲೆಯ ಕೋಣೆಯಲ್ಲಿ ಗಡಿಗೆ ಕಾಣದಿದ್ದುದರಿಂದ ಏನೂ ಸಿದ್ಧಿಸುವುದಿಲ್ಲ. ತಂತಿಯು ಕಡಿದಿರುವಾಗ ಮಗನಿಂದ ಮಾತು ಬಾರದಿರುವುದು ಈ ಕತ್ತಲೆಯ ಕೋಣೆಯ ಅನುಪಲಬ್ಧಿ. ಬುದ್ಧಿಯು ಇದನ್ನು ಬಲ್ಲುದು, ಹೃದಯವು ಒಪ್ಪುವುದಿಲ್ಲ. ದೂರದರ್ಶನವಾದರೋ ಆ ಕತ್ತಲೆಯೊಳಕ್ಕೆ ಕುಸಿದ ಮನೆಗಳ ಚಿತ್ರವನ್ನು ತಂದಿಡುತ್ತದೆ. ಮೌನ ಅಲ್ಲಿ, ಚಿತ್ರ ಇಲ್ಲಿ. ಎರಡನ್ನೂ ಸೇರಿಸಿ ಮನಸ್ಸು ಇಲ್ಲದ ಅನುಮಾನವನ್ನು ಹೂಡುತ್ತದೆ.

1995ರ ಜನವರಿ 17ರ ಬೆಳಗಿನ ಜಾವ ಕೋಬೆ ನಗರದಲ್ಲಿ ಆದ ಭೂಕಂಪದಲ್ಲಿ 6,434 ಮಂದಿ ಮಡಿದರು. ಮಗುಚಿಬಿದ್ದ ಎತ್ತರದ ಹೆದ್ದಾರಿಯ ಚಿತ್ರವನ್ನು ಹೆಲಿಕಾಪ್ಟರುಗಳಿಂದ ತೆಗೆದು ದೇಶಕ್ಕೆಲ್ಲ ತೋರಿಸಿದರು. ನೋಡಿದವರೆಲ್ಲರೂ ದೂರವಾಣಿಯನ್ನು ಕೈಗೆತ್ತಿಕೊಂಡರು. ಕೋಬೆಯ ಕಡೆಗೆ ಬಂದ ಕರೆಗಳು ಸಾಮಾನ್ಯ ದಿನದ ಅತ್ಯಧಿಕ ಸಂಖ್ಯೆಯ ಸುಮಾರು 50 ಪಟ್ಟಾಗಿ, ಬಹುಪಾಲು ಮುಟ್ಟಲೇ ಇಲ್ಲ. ಕಾತರವೇ ಕಾತರದ ಪರಿಹಾರಕ್ಕೆ ಅಡ್ಡವಾಯಿತು. ಅವಶೇಷಗಳಡಿಯಿಂದ ಬರುವ ಕೂಗು ಹೆಲಿಕಾಪ್ಟರುಗಳ ಸದ್ದಿನಲ್ಲಿ ಕೇಳಿಸಲಿಲ್ಲವೆಂಬ ಆಕ್ಷೇಪವೂ ಎದ್ದಿತು. ಅದೇ ಕಾಲದಲ್ಲಿ ಎನ್.ಎಚ್.ಕೆ. ಎಂಬ ಪ್ರಸಾರಸಂಸ್ಥೆಯು ತನ್ನ ವಿದ್ಯಾವಿಷಯಕ ವಾಹಿನಿಯಲ್ಲಿಯೂ ಎಫ್.ಎಂ. ರೇಡಿಯೋದಲ್ಲಿಯೂ ವ್ಯಕ್ತಿಗಳ ಕ್ಷೇಮಸಮಾಚಾರವನ್ನು ಹೆಸರುಹಿಡಿದು ಪ್ರಸಾರಮಾಡುತ್ತಿದ್ದುದು ಶ್ಲಾಘ್ಯ. ಮುಂದೆ 1998ರಲ್ಲಿ 171 ಎಂಬ ದೂರವಾಣಿ ಸಂಖ್ಯೆಯ ಏರ್ಪಾಡು ಬಂದಿತು. ಪೀಡಿತನು ಆ ಸಂಖ್ಯೆಗೆ ಕರೆಮಾಡಿ ತನ್ನ ಮನೆಯ ದೂರವಾಣಿಯ ಸಂಖ್ಯೆಯನ್ನು ಒತ್ತಿ, 30 ಸೆಕೆಂಡುಗಳೊಳಗೆ ತನ್ನ ಕುಶಲವನ್ನು ಹೇಳಿಡುತ್ತಾನೆ; ಬಂಧುವು ಎಲ್ಲಿಂದಾದರೂ ಅದೇ ಮನೆಯ ಸಂಖ್ಯೆಯನ್ನು ಒತ್ತಿ ಅದನ್ನು ಕೇಳಿಕೊಳ್ಳುತ್ತಾನೆ. ಇಬ್ಬರೂ ಏಕಕಾಲದಲ್ಲಿ ದೊರೆಯಬೇಕಾದ ಅಗತ್ಯವಿಲ್ಲ. ಯುಕ್ತಿಯು ಸರಳ, ಆದರೆ ಸಂಖ್ಯೆಯನ್ನು ಮುಂಚೆಯೇ ಅರಿತವನಿಗೆ ಮಾತ್ರ ಅದು ಫಲಿಸುತ್ತದೆ.

2011ರ ಮಾರ್ಚಿ 11ರ ಭೂಕಂಪದಲ್ಲಿ ಸೆಂದಾಯಿಯ ಬಯಲಿನ ಹೊಲಮನೆಗಳನ್ನು ನುಂಗುತ್ತ ಸಾಗುವ ಸುನಾಮಿಯ ಅಲೆಯನ್ನು ಜಗತ್ತೆಲ್ಲ ಆ ಕ್ಷಣದಲ್ಲಿಯೇ ಕಂಡಿತು. ಆದರೆ ಜಂಗಮ ದೂರವಾಣಿಯ ಸಂಸ್ಥೆಗಳು ದಟ್ಟಣೆಯ ಕಾರಣದಿಂದ ಧ್ವನಿಕರೆಗಳಲ್ಲಿ ನೂರಕ್ಕೆ 70ರಿಂದ 95ರವರೆಗೆ ತಡೆಯಬೇಕಾಯಿತು. ಕಣ್ಣಿಗೆ ಅಷ್ಟು, ಕಿವಿಗೆ ಇಷ್ಟು! ಇಶಿನೊಮಾಕಿ ಎಂಬ ಊರಿನ ಹಿಬಿ ಶಿಂಬುನ್ ಪತ್ರಿಕೆಯ ಯಂತ್ರವು ನೀರುಪಾಲಾಗಲು, ಅದರ ವರದಿಗಾರರು ಆರು ದಿನ ದೊಡ್ಡ ಕಾಗದಗಳ ಮೇಲೆ ಕೈಯಿಂದ ಬರೆದು ಆಶ್ರಯಸ್ಥಾನಗಳ ಗೋಡೆಗಳಿಗೆ ಅಂಟಿಸಿದರು. ಆಶ್ರಯಸ್ಥಾನಗಳಲ್ಲಿದ್ದ ನಾಮಾವಳಿಗಳ ಛಾಯಾಚಿತ್ರ ತೆಗೆದು ಅಂತರ್ಜಾಲಕ್ಕೆ ಕಳುಹಿದವರುಂಟು. ಅವನ್ನು ಓದಿ ಗೂಗಲ್ ಸಂಸ್ಥೆಯ ವ್ಯಕ್ತಿಶೋಧನ ಪಟ್ಟಿಗೆ ಹೆಸರು ಹೆಸರಾಗಿ ಸೇರಿಸಿದ ಸ್ವಯಂಸೇವಕರುಂಟು. ಅದರಲ್ಲಿ ಸೇರಿದ ದಾಖಲೆಗಳು 6 ಲಕ್ಷಕ್ಕೂ ಮಿಕ್ಕಿದುವು. ಉಯೆನೊ ಪ್ರತಿಮೆಯ ಚೀಟಿಗಳು ಈ ಬಾರಿ ಸಮುದ್ರಾಂತರಗಳಲ್ಲಿಯೂ ಓದಲ್ಪಟ್ಟುವು.

ನೋಡುತ್ತಲೇ ಇರುವುದರಿಂದ ಆಗುವ ಹಾನಿಯ ವಿಷಯದಲ್ಲಿ ಅಮೆರಿಕದ ಮನೋವಿಜ್ಞಾನಿಗಳ ಪರೀಕ್ಷೆಯೊಂದುಂಟು. ಅದು 2013ರಲ್ಲಿ ಬಾಸ್ಟನ್ ನಗರದ ಓಟದ ಪಂದ್ಯದಲ್ಲಾದ ಬಾಂಬಿನ ಸ್ಫೋಟಕ್ಕೆ ಸಂಬಂಧಿಸಿದ್ದು. ಮನುಷ್ಯಕೃತವೇ ಹೊರತು ಉತ್ಪಾತವಲ್ಲ. ಬಳಿಕದ ವಾರದಲ್ಲಿ ದಿನಕ್ಕೆ ಆರು ಘಂಟೆಗಳಿಗೆ ಕಡಿಮೆಯಿಲ್ಲದೆ ಅದರ ವಾರ್ತೆಯನ್ನು ನೋಡಿದವರು, ಸ್ಥಳದಲ್ಲಿಯೇ ಇದ್ದವರಿಗಿಂತಲೂ ಹೆಚ್ಚು ಮನಃಕ್ಲೇಶವನ್ನು ಹೇಳಿಕೊಂಡರು. ಕ್ಲೇಶವುಳ್ಳವರೇ ಹೆಚ್ಚು ನೋಡಿರಬಾರದೇಕೆಂದು ಪೂರ್ವಪಕ್ಷ ಹುಟ್ಟುತ್ತದೆ. ನೋಡಿದುದರಿಂದ ಕಳವಳ, ಕಳವಳದಿಂದ ಮುಂದಿನ ವಿಪತ್ತಿನಲ್ಲಿ ಇನ್ನಷ್ಟು ನೋಟ ಎಂದು, 2019ರಲ್ಲಿ ಪ್ರಕಟವಾದ ಅವರ ಇನ್ನೊಂದು ಲೇಖನವು ಎರಡನ್ನೂ ಪರಸ್ಪರ ಕಾರಣವಾಗಿ ಕಂಡಿದೆ. ಬಂಧುಗಳನ್ನು ಅಲ್ಲಿಟ್ಟವನಿಗೆ ಈ ಚಕ್ರದಿಂದ ಹೊರಬರಲು ಚಿತ್ರವನ್ನು ನೋಡಬೇಡವೆಂಬ ಉಪದೇಶವು ಸಾಲದು. ಆ ಚಿತ್ರದಲ್ಲಿ ಅವನು ಹುಡುಕುವುದು ಒಂದು ಮುಖವನ್ನು.

ಹೆಸರಿನ ಪಟ್ಟಿಗೂ ತನ್ನದೇ ಆದ ತೊಡಕುಂಟು. ಜಪಾನೀ ಹೆಸರುಗಳನ್ನು ಚೀನೀ ಮೂಲದ ಅಕ್ಷರಗಳಲ್ಲಿ ಬರೆಯುವುದರಿಂದ ಒಂದೇ ಬರಹಕ್ಕೆ ಹಲವು ಉಚ್ಚಾರಗಳೂ ಒಂದೇ ಉಚ್ಚಾರಕ್ಕೆ ಹಲವು ಬರಹಗಳೂ ಇರುತ್ತವೆ. ಇದ್ದವನೇ ಹುಡುಕಿದಾಗ ಸಿಗದೆ ಹೋಗುವ ಸಂಭವವುಂಟು. ನಮ್ಮಲ್ಲಿಯೂ ಈ ಪ್ರಶ್ನೆ ದೂರದ್ದಲ್ಲ. 2018ರ ಆಗಸ್ಟಿನಲ್ಲಿ ಕೊಡಗಿನ ಗುಡ್ಡಗಳು ಕುಸಿದು ರಸ್ತೆಗಳು ಕಡಿದುಹೋದುದು ಎಲ್ಲರ ನೆನಪಿನಲ್ಲಿದೆ. ನಮ್ಮ ಒಂದು ಗ್ರಾಮದಲ್ಲಿ ಲಕ್ಷ್ಮಮ್ಮಂದಿರು ಹತ್ತು ಮಂದಿಯಿರಬಹುದು. ಒಬ್ಬನೇ ವೆಂಕಟೇಶನನ್ನು ಇಂಗ್ಲಿಷಿನಲ್ಲಿ ನಾಲ್ಕು ಬಗೆಯಾಗಿ ಬರೆಯುವವರುಂಟು. ಆದುದರಿಂದ ಆಶ್ರಯಸ್ಥಾನದಲ್ಲಿ ಪಟ್ಟಿ ಬರೆಯುವ ಗುಮಾಸ್ತನು ಬರಿಯ ಹೆಸರಿಗೆ ನಿಲ್ಲದೆ, ತಂದೆಯ ಅಥವಾ ಗಂಡನ ಹೆಸರು, ಮನೆತನದ ಹೆಸರು, ಊರು, ವಯಸ್ಸು ಇವನ್ನು ಕನ್ನಡದಲ್ಲಿಯೇ ಬರೆದು, ಇಂದು ಬರೆದ ದಿನಾಂಕವನ್ನೂ ಹೊತ್ತನ್ನೂ ಕೊನೆಯಲ್ಲಿ ಹಾಕತಕ್ಕುದು. ನಿನ್ನೆ ಕುಶಲವಾಗಿದ್ದವನೆಂಬುದಕ್ಕೂ ಈಗ ಕುಶಲವಾಗಿರುವವನೆಂಬುದಕ್ಕೂ ಓದುವ ತಾಯಿಗೆ ಬಹಳ ಅಂತರವಿದೆ.