ಫೀಸು ಕಟ್ಟುವವರು ಯಾರು?



‘ನಾಳೆ ನಾನು ಫೀಸು ಕಟ್ಟುತ್ತೇನೆ ಎಂದು ರವಿ ಹೇಳಿದ.’ ಇಲ್ಲಿ ಫೀಸು ಕಟ್ಟುವವನು ಯಾರು? ರವಿಯೇ, ಕನ್ನಡ ಬಲ್ಲ ಯಾರಿಗೂ ಸಂದೇಹ ಬಾರದು. ಆದರೆ ಇದನ್ನೇ ಪದಕ್ಕೆ ಪದವಿಟ್ಟು ‘ರವಿ ಸೆಡ್ ದಟ್ ಐ ವಿಲ್ ಪೇ ದ ಫೀಸ್ ಟುಮಾರೊ’ ಎಂದು ಬರೆದಿರೋ, ಫೀಸಿನ ಹೊರೆ ನಿಮ್ಮ ತಲೆಗೇ ಬಂತು! ಇಂಗ್ಲಿಷಿನಲ್ಲಿ ‘ದಟ್’ ಆದ ಮೇಲೆ ಬರುವ ‘ಐ’ ರವಿಯಲ್ಲ, ಅವನ ಮಾತನ್ನು ವರದಿ ಮಾಡುತ್ತಿರುವ ನೀವು.

ರಿಪೋರ್ಟೆಡ್ ಸ್ಪೀಚ್‌ನಲ್ಲಿ ನಾವು ಎಡವುವುದು ಹೆಚ್ಚಾಗಿ ಇಲ್ಲಿಯೇ. ನಮ್ಮ ‘ಎಂದು’ ಉದ್ಧರಣ ಚಿಹ್ನೆಯಂತೆ ಕೆಲಸ ಮಾಡುತ್ತದೆ; ಆಡಿದವರ ಮಾತನ್ನು ಇದ್ದ ಹಾಗೆಯೇ ಹಿಡಿದಿಡುತ್ತದೆ. ‘ದಟ್’ಗೆ ಆ ಗುಣವಿಲ್ಲ. ಅದನ್ನು ದಾಟಿದ ಮೇಲೆ ಎಲ್ಲವನ್ನೂ ವರದಿ ಮಾಡುವವರ ಸ್ಥಾನದಿಂದಲೇ ನೋಡಬೇಕು. ಆದ್ದರಿಂದ ಸರಿಯಾದ ರೂಪ: ‘ರವಿ ಸೆಡ್ ದಟ್ ಹಿ ವುಡ್ ಪೇ ದ ಫೀಸ್ ದ ನೆಕ್ಸ್ಟ್ ಡೇ.’ ‘ಸೆಡ್’ ಭೂತಕಾಲವಾದ್ದರಿಂದ ‘ವಿಲ್’ ಹೋಗಿ ‘ವುಡ್’ ಬಂದಿತು. ‘ಕ್ಯಾನ್’ ಇದ್ದಲ್ಲಿ ‘ಕುಡ್’, ‘ಈಸ್’ ಇದ್ದಲ್ಲಿ ‘ವಾಸ್’.

ಗೈಡುಗಳಲ್ಲಿರುವ ಪಟ್ಟಿಯನ್ನು ಬಾಯಿಪಾಠ ಮಾಡಿದರೆ ಸಾಲದು ಎಂಬುದಕ್ಕೆ ಒಂದು ಉದಾಹರಣೆ. ರವಿ ಬೆಳಿಗ್ಗೆ ಆಡಿದ ಮಾತನ್ನು ನೀವು ಅದೇ ದಿನ ಸಂಜೆ ತಿಳಿಸುತ್ತಿದ್ದರೆ ನಾಳೆ ಇನ್ನೂ ನಾಳೆಯೇ ಅಲ್ಲವೇ? ಆಗ ‘ಟುಮಾರೊ’ ಎಂದರೂ ತಪ್ಪಲ್ಲ. ಭೂಮಿ ಸೂರ್ಯನನ್ನು ಸುತ್ತುತ್ತದೆ ಎಂದು ಮೇಷ್ಟ್ರು ನಿನ್ನೆ ಹೇಳಿದರೂ ಅದು ಇಂದಿಗೂ ನಿಜ. ‘ಗೋಸ್’ ಅನ್ನು ‘ವೆಂಟ್’ ಮಾಡಬೇಕಾಗಿಲ್ಲ.

ಪ್ರಶ್ನೆಗಳಲ್ಲಿ ಇದೇ ‘ಎಂದು’ ಇನ್ನೊಮ್ಮೆ ಕಾಲೆಳೆಯುತ್ತದೆ. ‘ಊಟ ಆಯಿತೇ ಎಂದು ಅತ್ತೆ ಕೇಳಿದರು’ ಎನ್ನುವಾಗ ‘ಆಸ್ಕ್ಡ್ ದಟ್’ ಎಂದು ಬರೆಯುವವರು ಬಹಳ ಮಂದಿ. ಹೌದು-ಅಲ್ಲ ಎಂಬ ಉತ್ತರ ಬೇಡುವ ಪ್ರಶ್ನೆಗೆ ‘ಇಫ್’ ಅಥವಾ ‘ವೆದರ್’ ಬೇಕು: ‘ಮೈ ಆಂಟ್ ಆಸ್ಕ್ಡ್ ಮಿ ಇಫ್ ಐ ಹ್ಯಾಡ್ ಈಟನ್.’ ‘ವೇರ್’, ‘ವೆನ್’ ಮೊದಲಾದ ಪ್ರಶ್ನಾಪದವಿದ್ದರೆ ಅದೇ ಸಾಕು. ಆದರೆ ಮುಂದಿನ ಪದಗಳು ಪ್ರಶ್ನೆಯ ಕ್ರಮ ಬಿಟ್ಟು ಸಾಮಾನ್ಯ ವಾಕ್ಯದ ಕ್ರಮಕ್ಕೆ ಬರಬೇಕು. ‘ವೇರ್ ಡು ಯು ಲಿವ್?’ ಎಂಬುದು ‘ಹಿ ಆಸ್ಕ್ಡ್ ಮಿ ವೇರ್ ಐ ಲಿವ್ಡ್’ ಆಗುತ್ತದೆ. ‘ವೇರ್ ಡಿಡ್ ಐ ಲಿವ್’ ಅಲ್ಲ. ಕೊನೆಯ ಪ್ರಶ್ನೆಚಿಹ್ನೆಯೂ ಬೇಡ.

ಈಗ ಇದನ್ನು ಇಂಗ್ಲಿಷಿನಲ್ಲಿ ಬರೆಯಿರಿ: ‘ನನ್ನ ಪುಸ್ತಕ ಯಾವಾಗ ಹಿಂದಿರುಗಿಸುತ್ತೀ ಎಂದು ಗೀತಾ ನನ್ನನ್ನು ಕೇಳಿದಳು.’ ಪುಸ್ತಕ ಯಾರದು ಎಂಬುದನ್ನು ಮೊದಲು ನಿಶ್ಚಯಿಸಿಕೊಂಡು ಪೆನ್ನು ಹಿಡಿಯಿರಿ.