ಹಿಮದೂರಿನ ಕೆಲಸ: ಸಂಬಳಕ್ಕೆ ಮೊದಲು ಕೋಣೆ ವಿಚಾರಿಸಿ

ಕಾಶ್ಮೀರದ ಗುಲ್ಮಾರ್ಗ್‌ನಲ್ಲಿ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮಾರ್ಚ್‌ವರೆಗೆ ಸ್ಕೀಯಿಂಗ್ ಹಂಗಾಮು. ಹೋಟೆಲಿನ ಅಡುಗೆಮನೆ, ಸ್ವಾಗತ ಕೌಂಟರ್, ಸ್ಕೀ ಬಾಡಿಗೆ ಅಂಗಡಿ ಇಂಥ ಕಡೆ ಆಗ ಕೈಗಳು ಬೇಕು. ಹೋಟೆಲ್ ಮ್ಯಾನೇಜ್‌ಮೆಂಟ್ ಓದಿದ ನಿಮಗೂ ಹೋಗುವ ಆಸೆಯಿದ್ದರೆ ಅಕ್ಟೋಬರ್ ವೇಳೆಗೇ ಹೋಟೆಲಿನವರನ್ನು ನೇರವಾಗಿ ವಿಚಾರಿಸಿ. ಸಂಬಳ ಎಷ್ಟೆಂದು ಎಲ್ಲರೂ ಕೇಳುತ್ತಾರೆ. ಮಲಗುವ ಕೋಣೆ ಎಷ್ಟು ಎತ್ತರದಲ್ಲಿದೆ, ಅದನ್ನು ಯಾವುದರಿಂದ ಬಿಸಿ ಮಾಡುತ್ತಾರೆ ಎಂದು ಕೇಳುವವರು ಕಡಿಮೆ. ನಿಮ್ಮ ಜೀವ ನಿಂತಿರುವುದು ಈ ಎರಡು ಪ್ರಶ್ನೆಗಳ ಮೇಲೆ.

ಎತ್ತರದ ಕಾಯಿಲೆ

ಬೆಂಗಳೂರಿನ ಎತ್ತರ ಸುಮಾರು 900 ಮೀಟರ್. ಗುಲ್ಮಾರ್ಗ್‌ನದು ಸುಮಾರು 2,650. ಅಲ್ಲಿಂದ ಗೊಂಡೋಲಾದಲ್ಲಿ ಮೇಲೇರಿದರೆ 3,900 ಮೀಟರ್ ದಾಟುತ್ತದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗಿ, ಪ್ರತಿ ಉಸಿರಿಗೆ ದೊರೆಯುವ ಆಮ್ಲಜನಕ ಕಡಿಮೆಯಾಗುತ್ತದೆ. 2,500 ಮೀಟರ್ ಮೀರಿದರೆ ಕೆಲವರಿಗೆ ಮೊದಲ ದಿನವೇ ತಲೆನೋವು, ವಾಕರಿಕೆ, ನಿದ್ರಾಹೀನತೆ ಕಾಡುತ್ತದೆ. ಗಟ್ಟಿಮುಟ್ಟಾದ ಯುವಕರೂ ಇದಕ್ಕೆ ಹೊರತಲ್ಲ.

ಆದ್ದರಿಂದ ಸುಮಾರು 1,600 ಮೀಟರ್ ಎತ್ತರದ ಶ್ರೀನಗರದಲ್ಲಿ ಒಂದೆರಡು ರಾತ್ರಿ ತಂಗಿ ಮುಂದೆ ಹೋಗಿ. ಗುಲ್ಮಾರ್ಗ್‌ನಲ್ಲಿ ಮೊದಲ ಎರಡು ದಿನ ಭಾರದ ಕೆಲಸ ಬೇಡ, ಮದ್ಯವಂತೂ ಬೇಡವೇ ಬೇಡ. ತಲೆನೋವಿದ್ದಾಗ ಇನ್ನೂ ಮೇಲೆ ಹತ್ತಬೇಡಿ. ಸುಮ್ಮನೆ ಕುಳಿತಾಗಲೂ ಏದುಸಿರು ಬಂದರೆ, ನಡಿಗೆ ತೂರಾಡಿದರೆ, ಮಾತು ತೊದಲಿದರೆ ಬೆಳಗಾಗಲಿ ಎಂದು ಕಾಯದೆ ಕೆಳಗಿಳಿದು ವೈದ್ಯರನ್ನು ಕಾಣಬೇಕು.

ಮುಚ್ಚಿದ ಕೋಣೆಯ ವಿಷ

ಅಲ್ಲಿ ಕೋಣೆ ಬೆಚ್ಚಗಿಡಲು ಕಟ್ಟಿಗೆ ಅಥವಾ ಇದ್ದಿಲಿನ ಒಲೆಯಾದ ಬುಖಾರಿಯನ್ನು ಬಳಸುತ್ತಾರೆ. ಹೊಗೆಕೊಳವೆ ಕಟ್ಟಿಕೊಂಡಿದ್ದರೆ, ಅಥವಾ ಕೆಂಡದ ಪಾತ್ರೆಯನ್ನು ಒಳಗಿಟ್ಟು ಬಾಗಿಲು ಬಿಗಿದು ಮಲಗಿದರೆ ಕಾರ್ಬನ್ ಮಾನಾಕ್ಸೈಡ್ ತುಂಬಿಕೊಳ್ಳುತ್ತದೆ. ಈ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ದೆಯಲ್ಲೇ ಪ್ರಾಣ ತೆಗೆಯುತ್ತದೆ. ಇದರ ಮೊದಲ ಲಕ್ಷಣಗಳೂ ತಲೆನೋವು, ವಾಕರಿಕೆ. ಹಾಗಾಗಿ 'ಎತ್ತರಕ್ಕೆ ಹೀಗಾಗಿದೆ' ಎಂದು ಮೋಸಹೋಗುವವರುಂಟು. ಒಂದೇ ಕೋಣೆಯ ಹಲವರಿಗೆ ಒಟ್ಟಿಗೆ ತಲೆನೋವು ಬಂದರೆ, ಹೊರಗೆ ಹೋದಾಗ ಹಗುರವೆನಿಸಿದರೆ ಒಲೆಯನ್ನೇ ಸಂಶಯಿಸಿ. ಎಲ್ಲರೂ ತಕ್ಷಣ ಹೊರಬಂದು ಆಸ್ಪತ್ರೆಗೆ ಹೋಗಿ. ಮಲಗುವ ಮುನ್ನ ಬೆಂಕಿ ಪೂರ್ತಿ ಆರಿಸುವುದು, ಗಾಳಿಗೆ ದಾರಿ ಬಿಡುವುದು ಕಡ್ಡಾಯ. ಕಾರ್ಬನ್ ಮಾನಾಕ್ಸೈಡ್ ಪತ್ತೆಹಚ್ಚುವ ಪುಟ್ಟ ಯಂತ್ರ ಜೊತೆಗಿದ್ದರೆ ಇನ್ನೂ ಲೇಸು.

ಚಳಿ ಮತ್ತು ಬಿಸಿಲು

ಒಂದು ದಪ್ಪ ಕೋಟಿಗಿಂತ ಹಲವು ಪದರದ ಬಟ್ಟೆ ಮೇಲು. ಒದ್ದೆಯಾದ ಕಾಲುಚೀಲವನ್ನು ಕೂಡಲೇ ಬದಲಿಸಿ. ಬೆರಳು ಬಿಳಿಚಿ ಮರಗಟ್ಟಿದರೆ ಉಜ್ಜಬೇಡಿ, ಬೆಂಕಿಗೆ ಹಿಡಿಯಬೇಡಿ; ಮತ್ತೆ ಹೆಪ್ಪುಗಟ್ಟುವ ಭಯವಿಲ್ಲದ ಕಡೆ ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿ, ವೈದ್ಯರಿಗೆ ತೋರಿಸಿ. ಹೊಸ ಹಿಮವು ನೇರಳಾತೀತ ಕಿರಣಗಳನ್ನು ಶೇಕಡಾ 80ರವರೆಗೂ ಪ್ರತಿಫಲಿಸುವುದರಿಂದ ಕಪ್ಪು ಕನ್ನಡಕ ಶೋಕಿಯಲ್ಲ, ಅಗತ್ಯ.

ಹೃದಯ ಅಥವಾ ಶ್ವಾಸಕೋಶದ ತೊಂದರೆ, ತೀವ್ರ ರಕ್ತಹೀನತೆ ಇದ್ದವರು ಒಪ್ಪಿಗೆ ಕೊಡುವ ಮೊದಲೇ ತಮ್ಮ ವೈದ್ಯರನ್ನು ಕೇಳಲಿ. ಕೋಣೆಯ ಬಗ್ಗೆ ಸರಿಯಾದ ಉತ್ತರ ಕೊಡದ ಮಾಲೀಕರ ಕೆಲಸವನ್ನು ಬಿಟ್ಟುಬಿಡಿ. ಮುಂದಿನ ವರ್ಷವೂ ಹಿಮ ಬೀಳುತ್ತದೆ.